ಮೊದಲ ಸಹಿ ಯಾರ ಖರ್ಚಿನಲ್ಲಿ?

2015ರ ಫೆಬ್ರುವರಿಯಲ್ಲಿ ಸೇಲಂನಲ್ಲಿ ಪಾಟ್ಟಾಳಿ ಮಕ್ಕಳ್ ಕಚ್ಚಿಯ (ಪಿಎಂಕೆ) ದೊಡ್ಡ ಸಮಾವೇಶ ನಡೆಯಿತು. ತಮಿಳುನಾಡಿನ ವಿಧಾನಸಭಾ ಚುನಾವಣೆಗೆ ಆಗಿನ್ನೂ ವರ್ಷಕ್ಕೂ ಮೀರಿ ಸಮಯವಿತ್ತು. ಆದರೂ ಆ ವೇದಿಕೆಯಿಂದಲೇ ಪಕ್ಷ ತನ್ನ ಮುಖ್ಯಮಂತ್ರಿ ಅಭ್ಯರ್ಥಿಯನ್ನು ಘೋಷಿಸಿತು. ಅವರು ಅನ್ಬುಮಣಿ ರಾಮದಾಸ್. ಓದಿದ್ದು ವೈದ್ಯಕೀಯ, ಹಿಂದೆ ಕೇಂದ್ರದಲ್ಲಿ ಆರೋಗ್ಯ ಸಚಿವರಾಗಿದ್ದವರು, ಆಗ ಧರ್ಮಪುರಿಯ ಲೋಕಸಭಾ ಸದಸ್ಯರು. ಮರುವರ್ಷದ ಮೇ ತಿಂಗಳಲ್ಲಿ ಅವರು ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕ್ಷೇತ್ರದಿಂದ ನಿಂತರು. ಗೋಡೆಗೋಡೆಗಳ ಮೇಲೆ ‘ಮಾಟ್ರಂ ಮುನ್ನೇಟ್ರಂ ಅನ್ಬುಮಣಿ’ (ಬದಲಾವಣೆ, ಮುನ್ನಡೆ, ಅನ್ಬುಮಣಿ) ಎಂಬ ಬರಹ ಬಂತು. ಆ ಬರಹದ ಹಿಂದಿದ್ದ ದೊಡ್ಡ ಭರವಸೆ ಒಂದೇ: ಅಧಿಕಾರಕ್ಕೆ ಬಂದರೆ ಮೊದಲ ಸಹಿ ಸಂಪೂರ್ಣ ಪಾನನಿಷೇಧಕ್ಕೆ.

ಈ ಮಾತು ವಿವಾದವಾಗದೆ ಉಳಿಯುವಂತಿರಲಿಲ್ಲ. ತಮಿಳುನಾಡಿನಲ್ಲಿ ಮದ್ಯ ಮಾರುವುದು ಸರ್ಕಾರವೇ. 1983ರಲ್ಲಿ ಹುಟ್ಟಿದ ಟಾಸ್ಮಾಕ್ ನಿಗಮಕ್ಕೆ 2003ರಿಂದ ಚಿಲ್ಲರೆ ಮಾರಾಟದ ಏಕಸ್ವಾಮ್ಯವೂ ಸಿಕ್ಕಿದೆ. 2016ರ ಚುನಾವಣೆಯ ಹೊತ್ತಿಗೆ ಅದರಿಂದ ಖಜಾನೆಗೆ ಬರುತ್ತಿದ್ದ ವರಮಾನ ವರ್ಷಕ್ಕೆ 25 ಸಾವಿರ ಕೋಟಿ ರೂಪಾಯಿ ದಾಟಿತ್ತು. ಒಂದು ಸಹಿಯಿಂದ ಅಷ್ಟನ್ನೂ ಬಿಟ್ಟುಕೊಟ್ಟರೆ ಸಂಬಳ, ಪಿಂಚಣಿ, ಪಡಿತರದ ಅಕ್ಕಿ ಎಲ್ಲಿಂದ ಬರಬೇಕು ಎಂದು ಕೇಳುವವರು ಕೇಳಿದರು. ಗಂಡನ ಕೂಲಿ ಮನೆಗೆ ಬರುವ ಮೊದಲೇ ಅಂಗಡಿಯಲ್ಲಿ ಕರಗುವುದನ್ನು ದಿನವೂ ನೋಡುತ್ತಿದ್ದ ಹೆಂಗಸರಿಗೆ ಆ ಪ್ರಶ್ನೆ ದೊಡ್ಡದಾಗಿ ಕಾಣಲಿಲ್ಲ. ಎರಡು ಕಡೆಯೂ ನ್ಯಾಯವಿತ್ತು. ಚುನಾವಣೆಯ ಭರವಸೆಯನ್ನು ತೂಗುವ ಕೆಲಸ ಕಷ್ಟವಾಗುವುದು ಇಂಥ ಕಡೆಯೇ.

ಈ ತೂಕ ನಮಗೆ, ಎಂದರೆ ಕನ್ನಡದ ಓದುಗರಿಗೆ, ಹೊರಗಿನ ಸುದ್ದಿಯಲ್ಲ. ಪೆನ್ನಾಗರಂ, ಪಾಲಕೋಡು ಕಡೆ ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತಮಿಳು ಕಲಿತು, ಕಟ್ಟಡದ ಕೆಲಸಕ್ಕೆ ಬೆಂಗಳೂರಿನ ಬಸ್ಸು ಹತ್ತುವ ಕುಟುಂಬಗಳಿವೆ. ಸೇಲಂ ಸೀಮೆಯ ನೇಕಾರರಲ್ಲಿ ಕನ್ನಡ ಮನೆಮಾತಿನ ದೇವಾಂಗರಿದ್ದಾರೆ. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ಸಿಕ್ಕಿವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಕಂಪನಿಗೆ ಬಿಟ್ಟುಕೊಟ್ಟ ಬಾರಾಮಹಲ್ ಇದೇ ನೆಲ. ಇಲ್ಲಿನ ಕನ್ನಡದ ಮನೆಗಳು ಮತ ಹಾಕುವುದು ಚೆನ್ನೈನ ಸರ್ಕಾರಕ್ಕೆ. ಅವರ ನೆಂಟರು ಮತ ಹಾಕುವುದು ಬೆಂಗಳೂರಿನ ಸರ್ಕಾರಕ್ಕೆ. ಎರಡೂ ಕಡೆಯ ಭರವಸೆಗಳು ಒಂದೇ ಮನೆಯ ಜಗುಲಿಯಲ್ಲಿ ಚರ್ಚೆಯಾಗುತ್ತವೆ.

ಪಾನನಿಷೇಧದ ಮಾತನ್ನು ಕೊಟ್ಟು, ಗೆದ್ದು, ಜಾರಿಗೆ ತಂದ ಮೊದಲ ಪ್ರಯೋಗವೂ ಧರ್ಮಪುರಿ ಸೇರಿದ್ದ ಆಗಿನ ಸೇಲಂ ಜಿಲ್ಲೆಯಲ್ಲೇ, ಕಾಂಗ್ರೆಸ್ಸಿನ ರಾಜಾಜಿಯವರ ಕೈಯಲ್ಲಿ ನಡೆಯಿತು. ಅದನ್ನು ನೋಡದೆ 2016ರ ಭರವಸೆಯನ್ನು ತೂಗಲಾಗದು.

ರಾಜಾಜಿ ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ, 1878ರಲ್ಲಿ. ಆಗ ಹೊಸೂರು, ಕೃಷ್ಣಗಿರಿ, ಧರ್ಮಪುರಿ, ನಾಮಕ್ಕಲ್ ಎಲ್ಲವೂ ಸೇಲಂ ಜಿಲ್ಲೆಯೊಳಗಿದ್ದವು. ಸೇಲಂನಲ್ಲಿ ವಕೀಲಿ ಮಾಡಿ, 1917ರಲ್ಲಿ ಅಲ್ಲಿನ ಪುರಸಭೆಯ ಅಧ್ಯಕ್ಷರಾದರು. 1925ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳಯದಲ್ಲಿ ಗಾಂಧಿ ಆಶ್ರಮ ಕಟ್ಟಿ, ಅಲ್ಲಿಂದ ಪಾನನಿಷೇಧಕ್ಕಾಗಿಯೇ ‘ವಿಮೋಚನಂ’ ಎಂಬ ತಮಿಳು ಪತ್ರಿಕೆ ನಡೆಸಿದರು. ಹಾಗಾಗಿ 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಪಾನನಿಷೇಧದ ಮಾತೆತ್ತಿದಾಗ ಅದು ಆ ಹೊತ್ತಿಗೆ ಹೊಳೆದ ಮಾತಾಗಿರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಳ್ಳಿಯಲ್ಲಿ ಕೂತು ಮಾಡಿದ ಕೆಲಸ ಅದರ ಬೆನ್ನಿಗಿತ್ತು. ಜುಲೈನಲ್ಲಿ ರಾಜಾಜಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು, ಎಂದರೆ ಇಂದಿನ ಲೆಕ್ಕದಲ್ಲಿ ಮುಖ್ಯಮಂತ್ರಿ. ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಕಳ್ಳು, ಸಾರಾಯಿ ಅಂಗಡಿಗಳೆಲ್ಲ ಮುಚ್ಚಿದವು.

ಇಡೀ ಪ್ರಾಂತ್ಯದಲ್ಲಿ ಒಂದೇ ದಿನ ಮುಚ್ಚಲಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ. ಮದ್ರಾಸ್ ಪ್ರಾಂತ್ಯದ ವರಮಾನದಲ್ಲಿ ಸುಮಾರು ಕಾಲು ಭಾಗ ಅಬಕಾರಿಯಿಂದ ಬರುತ್ತಿತ್ತು. ರಾಜಾಜಿ ಆಯ್ದುಕೊಂಡದ್ದು ಒಂದು ಜಿಲ್ಲೆಯನ್ನು, ಅದೂ ತಾನು ಬೀದಿಬೀದಿ ಬಲ್ಲ ಜಿಲ್ಲೆಯನ್ನು. 1938ರಲ್ಲಿ ಚಿತ್ತೂರು, ಕಡಪ ಸೇರಿದವು, 1939ರಲ್ಲಿ ಉತ್ತರ ಆರ್ಕಾಟ್. ಸುತ್ತಲಿನ ಬೇರೆ ಜಿಲ್ಲೆಗಳಲ್ಲೂ ಮೈಸೂರು ಸಂಸ್ಥಾನದಲ್ಲೂ ಮದ್ಯ ಸಿಗುತ್ತಿದ್ದಾಗ ನಡುವಿನ ಒಂದು ಜಿಲ್ಲೆಯನ್ನು ಕಾಯುವುದು ಸುಲಭವಾಗಿರಲಿಲ್ಲ. ಮರದಿಂದ ಕಳ್ಳು ಇಳಿಸಿ ಬದುಕುತ್ತಿದ್ದವರ ಕೈ ಖಾಲಿಯಾಯಿತು. ಅವರನ್ನು ಸಿಹಿ ನೀರಾ ಇಳಿಸಿ ಬೆಲ್ಲ ಕಾಯಿಸುವ ಕಸುಬಿಗೆ ತಿರುಗಿಸುವ ಯತ್ನ ನಡೆಯಿತು. ಸಂಜೆ ಹೊತ್ತು ಭಜನೆ, ಆಟಗಳ ಏರ್ಪಾಡಾಯಿತು. ಅರ್ಥಶಾಸ್ತ್ರ ಬಲ್ಲವರು ಸೇಲಂನ ಹಳ್ಳಿಗಳಿಗೆ ಬಂದು, ಕುಡಿತಕ್ಕೆ ಹೋಗುತ್ತಿದ್ದ ದುಡ್ಡು ಈಗ ಯಾವುದಕ್ಕೆ ಹೋಗುತ್ತಿದೆ ಎಂದು ಕುಟುಂಬಗಳನ್ನು ಕೇಳಿ ಲೆಕ್ಕ ಬರೆದುಕೊಂಡರು. ಕೊಟ್ಟ ಮಾತನ್ನು ಹೀಗೆ ಅಳೆದು ನೋಡಿದ ಉದಾಹರಣೆಗಳು ನಮ್ಮ ರಾಜಕೀಯದಲ್ಲಿ ವಿರಳ.

ಇದಕ್ಕೆ ನಾಲ್ಕೈದು ವರ್ಷ ಹಿಂದೆ ಸಾಗರದ ಆಚೆ ಇದಕ್ಕೆ ವಿರುದ್ಧವಾದ ಮಾತು ಕೊಟ್ಟು ಗೆದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಅಮೆರಿಕದಲ್ಲಿ 1920ರಿಂದ ಪಾನನಿಷೇಧವಿತ್ತು. 1932ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರು ಅದನ್ನು ತೆಗೆಯುತ್ತೇನೆಂದರು. ಮಹಾ ಆರ್ಥಿಕ ಕುಸಿತದ ದಿನಗಳು, ಸರ್ಕಾರದ ಕೈಯಲ್ಲಿ ಕಾಸಿಲ್ಲ. ಮದ್ಯದ ತೆರಿಗೆ ಬಂದರೆ ಖಜಾನೆ ಉಸಿರಾಡುತ್ತದೆ ಎನ್ನುವುದು ಅವರ ವಾದದ ಒಂದು ದೊಡ್ಡ ಭಾಗ. 1933ರ ಡಿಸೆಂಬರ್‌ನಲ್ಲಿ ನಿಷೇಧ ಹೋಯಿತು. ಅದೇ ಪ್ರಚಾರದಲ್ಲಿ ಸರ್ಕಾರಿ ಖರ್ಚನ್ನು ಕಾಲು ಭಾಗ ಇಳಿಸುತ್ತೇನೆ ಎಂದೂ ಅವರು ಹೇಳಿದ್ದರು. ಅದು ಆಗಲಿಲ್ಲ. ಗೆದ್ದ ಮೇಲೆ ಅವರ ಸರ್ಕಾರ ಖರ್ಚನ್ನು ಏರಿಸುತ್ತಲೇ ಹೋಯಿತು, ಜನ 1936ರಲ್ಲಿ ಮತ್ತೂ ದೊಡ್ಡ ಬಹುಮತ ಕೊಟ್ಟರು. ಮಾತು ತಪ್ಪುವುದೆಲ್ಲ ಮೋಸವಲ್ಲ, ಮಾತು ಉಳಿಸಿಕೊಳ್ಳುವುದೆಲ್ಲ ಹಿತವೂ ಅಲ್ಲ. ಹಾಗಿದ್ದರೆ ಮತದಾರ ಏನನ್ನು ಹಿಡಿದು ತೂಗಬೇಕು?

ನನಗೆ ತೋರುವ ಉತ್ತರ ಸೇಲಂನ ಕಥೆಯ ಮುಂದಿನ ಭಾಗದಲ್ಲಿದೆ. ಅಬಕಾರಿ ವರಮಾನ ಹೋದ ಜಾಗ ತುಂಬಲು ರಾಜಾಜಿ ಸರ್ಕಾರ 1939ರಲ್ಲಿ ಮದ್ರಾಸ್ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ ತಂದಿತು. ಬಹುತೇಕ ಸರಕುಗಳಿಗೆ ಅನ್ವಯಿಸುವ ಇಂಥ ತೆರಿಗೆ ಭಾರತದಲ್ಲಿ ಅದೇ ಮೊದಲು. ಕುಡಿಯುವವನು ಕೊಡುತ್ತಿದ್ದ ತೆರಿಗೆ ಈಗ ದಿನಬಳಕೆಯ ಸರಕು ಕೊಳ್ಳುವ ಎಲ್ಲರ ತಲೆಗೆ ಹಂಚಿಹೋಯಿತು. ವರ್ತಕರು ಗಲಾಟೆ ಮಾಡಿದರು. ಆದರೆ ರಾಜಾಜಿ ಒಂದನ್ನಂತೂ ಮುಚ್ಚಿಡಲಿಲ್ಲ: ಈ ಭರವಸೆಗೆ ಬೆಲೆ ಇದೆ, ಅದನ್ನು ಕೊಡಬೇಕಾದವರು ನೀವೇ ಎಂದು ಕಾನೂನು ಮಾಡಿ ತೋರಿಸಿದರು. 

ಆ ವರ್ಷದ ಅಕ್ಟೋಬರ್‌ನಲ್ಲಿ, ಯುದ್ಧದ ಪ್ರಶ್ನೆಯ ಮೇಲೆ, ರಾಜಾಜಿಯ ಕಾಂಗ್ರೆಸ್ ಸರ್ಕಾರ ರಾಜೀನಾಮೆ ಕೊಟ್ಟಿತು. ಯುದ್ಧದ ನಡುವೆ ಬ್ರಿಟಿಷ್ ಆಡಳಿತ ಪಾನನಿಷೇಧವನ್ನು ಅಮಾನತಿನಲ್ಲಿಟ್ಟಿತು. ಮಾರಾಟ ತೆರಿಗೆಯನ್ನು ಮಾತ್ರ ಕೈಬಿಡಲಿಲ್ಲ. ಸ್ವಾತಂತ್ರ್ಯದ ನಂತರ 1948ರಲ್ಲಿ ಓಮಂದೂರು ರಾಮಸ್ವಾಮಿ ರೆಡ್ಡಿಯಾರ್ ಕಾಲದಲ್ಲಿ ನಿಷೇಧ ಇಡೀ ಪ್ರಾಂತ್ಯಕ್ಕೆ ಹಬ್ಬಿತು. 1971ರಲ್ಲಿ ಕರುಣಾನಿಧಿ ತೆಗೆದರು; ತೊಂಬತ್ತು ದಾಟಿದ ರಾಜಾಜಿ ಕರುಣಾನಿಧಿಯವರ ಮನೆಗೇ ಹೋಗಿ ಬೇಡವೆಂದು ಕೇಳಿಕೊಂಡರೂ ನಿಲ್ಲಲಿಲ್ಲ. 1974ರಲ್ಲಿ ಮತ್ತೆ ಬಂತು, 1981ರಲ್ಲಿ ಎಂ.ಜಿ.ಆರ್. ಕಾಲದಲ್ಲಿ ಮತ್ತೆ ಹೋಯಿತು. ಈ ಏರಿಳಿತದ ಉದ್ದಕ್ಕೂ ಮಾರಾಟ ತೆರಿಗೆ ಒಮ್ಮೆಯೂ ಹಿಂದೆ ಹೋಗಲಿಲ್ಲ. ಬೇರೆ ಪ್ರಾಂತ್ಯಗಳೂ ಅದನ್ನು ಕಲಿತವು; ಅದು ಮುಂದೆ ವ್ಯಾಟ್ ಆಗಿ, 2017ರಲ್ಲಿ ಜಿಎಸ್‌ಟಿಯೊಳಗೆ ಸೇರಿ ಇಂದಿಗೂ ನಮ್ಮ ಬಿಲ್ಲಿನಲ್ಲಿದೆ. ಭರವಸೆ ಅಳಿಯಿತು, ಅದಕ್ಕಾಗಿ ಕಟ್ಟತೊಡಗಿದ ತೆರಿಗೆ ಉಳಿಯಿತು. ಯಾವ ಪಕ್ಷದ ಯಾವ ಮಾತನ್ನು ಕೇಳುವಾಗಲೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಕೊಡುವ ಕಾಲದಲ್ಲಿ ಎಷ್ಟು ಖರ್ಚು ಎನ್ನುವುದಷ್ಟೇ ಅಲ್ಲ, ಆ ಖರ್ಚಿಗೆ ತೆರೆದ ದಾರಿ ಎಷ್ಟು ಕಾಲ ತೆರೆದೇ ಇರುತ್ತದೆ ಎಂದೂ ಕೇಳಬೇಕು.

ಮತ್ತೆ ಪೆನ್ನಾಗರಂಗೆ ಬರೋಣ. 2016ರ ಚುನಾವಣೆಗೆ ಪಾನನಿಷೇಧ ಬಿಸಿಬಿಸಿ ವಿಷಯವಾಗಲು ಕಾರಣ ಸೇಲಂ ಜಿಲ್ಲೆಯವರೇ ಆದ ಗಾಂಧಿವಾದಿ ಶಶಿ ಪೆರುಮಾಳ್ ಅವರ ಸಾವು. ವರ್ಷಗಟ್ಟಲೆ ಉಪವಾಸ, ಧರಣಿ ಮಾಡಿದ ಆ ಮನುಷ್ಯ 2015ರ ಜುಲೈ 31ರಂದು ಕನ್ಯಾಕುಮಾರಿ ಜಿಲ್ಲೆಯಲ್ಲಿ ಒಂದು ಮದ್ಯದಂಗಡಿ ತೆಗೆಸಬೇಕೆಂದು ಮೊಬೈಲ್ ಟವರ್ ಏರಿ, ಅಲ್ಲೇ ಪ್ರಾಣ ಬಿಟ್ಟರು. ಚುನಾವಣೆಯಲ್ಲಿ ಡಿಎಂಕೆಯೂ ಪಾನನಿಷೇಧ ಎಂದಿತು, ಅಣ್ಣಾಡಿಎಂಕೆ ಹಂತಹಂತವಾಗಿ ಎಂದಿತು. ಪಿಎಂಕೆ ಮೊದಲಿಂದಲೂ ಹೇಳುತ್ತಿದ್ದುದನ್ನೇ ಹೇಳಿತು. ಫಲಿತಾಂಶ ಬಂದಾಗ ಪೆನ್ನಾಗರಂನಲ್ಲಿ ಅನ್ಬುಮಣಿ ಡಿಎಂಕೆಯ ಇನ್ಬಶೇಖರನ್ ಎದುರು ಸುಮಾರು 18 ಸಾವಿರ ಮತಗಳಿಂದ ಸೋತರು. ಒಂಟಿಯಾಗಿ ನಿಂತ ಪಕ್ಷಕ್ಕೆ ಇಡೀ ರಾಜ್ಯದಲ್ಲಿ ಒಂದು ಸ್ಥಾನವೂ ಬರಲಿಲ್ಲ. ಜನ ಪಾನನಿಷೇಧವನ್ನು ತಿರಸ್ಕರಿಸಿದರು ಎಂದು ಇದನ್ನು ಓದುವುದು ತಪ್ಪು. ಸರ್ಕಾರ ಮಾಡುವಷ್ಟು ಬಲ ಇವರಿಗಿದೆಯೇ ಎಂದು ನೋಡಿದರು, ಜಾತಿಯ ಲೆಕ್ಕ ನೋಡಿದರು, ಎದುರಿನವರ ಪಟ್ಟಿಯನ್ನೂ ನೋಡಿದರು.

ಗೆದ್ದ ಜಯಲಲಿತಾ 2016ರ ಮೇ 23ರಂದು ಪ್ರಮಾಣ ವಚನ ಸ್ವೀಕರಿಸಿದ ದಿನವೇ ಸಹಿ ಹಾಕಿದರು. 500 ಟಾಸ್ಮಾಕ್ ಅಂಗಡಿ ಬಂದ್, ಸಣ್ಣ ರೈತರ ಸಹಕಾರಿ ಬೆಳೆ ಸಾಲ ಮನ್ನಾ, ಮನೆಗಳಿಗೆ 100 ಯೂನಿಟ್ ಕರೆಂಟ್ ಉಚಿತ, ಕೈಮಗ್ಗಕ್ಕೆ 200 ಮತ್ತು ವಿದ್ಯುತ್ ಮಗ್ಗಕ್ಕೆ 750 ಯೂನಿಟ್ ಉಚಿತ, ಮದುವೆಯ ತಾಳಿಗೆ ಎಂಟು ಗ್ರಾಂ ಚಿನ್ನ. ಸೇಲಂನ ಮಗ್ಗದ ಮನೆಗಳಿಗೆ ಆ ದಿನ ನಿಜಕ್ಕೂ ಹಗುರವಾಯಿತು. ಮುಂದಿನ ವರ್ಷ ಎಡಪ್ಪಾಡಿ ಪಳನಿಸ್ವಾಮಿ ಮುಖ್ಯಮಂತ್ರಿಯಾದಾಗ ಇನ್ನೂ 500 ಅಂಗಡಿ ಮುಚ್ಚಿಸಿದರು. ಅವರೂ ಸೇಲಂ ಜಿಲ್ಲೆಯವರೇ. 2023ರ ಜೂನ್‌ನಲ್ಲಿ ಸ್ಟಾಲಿನ್ ಸರ್ಕಾರವೂ 500 ಮುಚ್ಚಿತು. ಏಳು ವರ್ಷಗಳಲ್ಲಿ ಆರು ಸಾವಿರ ಚಿಲ್ಲರೆ ಇದ್ದ ಅಂಗಡಿಗಳ ಸಂಖ್ಯೆ 4,829ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಟಾಸ್ಮಾಕ್ ವರಮಾನ 25 ಸಾವಿರ ಕೋಟಿಯಿಂದ 2023-24ರಲ್ಲಿ 45,855 ಕೋಟಿಗೆ ಏರಿತು. ಅಂಗಡಿ ಮುಚ್ಚುವ ಪ್ರತಿ ಸಹಿಯೂ ಅಕ್ಷರಶಃ ಪಾಲನೆಯಾಯಿತು. ಆ ಸಹಿ ಯಾರಿಗಾಗಿಯೋ ಆ ಮನೆಯಲ್ಲಿ ಏನೂ ಬದಲಾಗಲಿಲ್ಲ. ಅಂಗಡಿಯ ಎಣಿಕೆಯನ್ನು ಭರವಸೆಯ ಅಳತೆಯಾಗಿ ಒಪ್ಪಿಕೊಂಡದ್ದೇ ನಮ್ಮ ತಪ್ಪು.

ಈಗ ಸಾವಿರ ರೂಪಾಯಿಯ ಮಾತು. 2021ರ ಚುನಾವಣೆಯಲ್ಲಿ ಡಿಎಂಕೆ, ಮನೆಯೊಡತಿಯರಿಗೆ ತಿಂಗಳಿಗೆ 1,000 ರೂಪಾಯಿ ಎಂದಿತು. ಅದರ ಹೆಸರು ನೋಂದಾಯಿಸುವ ಶಿಬಿರಗಳನ್ನು ಸ್ಟಾಲಿನ್ ಉದ್ಘಾಟಿಸಿದ್ದು ಧರ್ಮಪುರಿ ಜಿಲ್ಲೆಯ ತೊಪ್ಪೂರಿನಲ್ಲಿ, 2023ರ ಜುಲೈ 24ರಂದು. ಈ ಜಿಲ್ಲೆಯನ್ನು ಆರಿಸಿದ್ದಕ್ಕೆ ಕಾರಣವಿತ್ತು: 1989ರಲ್ಲಿ ಕರುಣಾನಿಧಿ ಕಾಲದಲ್ಲಿ ತಮಿಳುನಾಡಿನ ಮಹಿಳಾ ಸ್ವಸಹಾಯ ಸಂಘಗಳು ಹುಟ್ಟಿದ್ದು ಇಲ್ಲೇ. ಸೆಪ್ಟೆಂಬರ್ 15ರಂದು ಕಾಂಚೀಪುರದಲ್ಲಿ ಯೋಜನೆ ಶುರುವಾಯಿತು. 1.06 ಕೋಟಿ ಹೆಂಗಸರ ಖಾತೆಗೆ ಹಣ ಬಂತು. ಭರವಸೆಗೂ ಹಣಕ್ಕೂ ನಡುವೆ ಎರಡು ವರ್ಷಕ್ಕೂ ಮೀರಿದ ಅಂತರ. ಆ ನಡುವೆ ಷರತ್ತುಗಳೂ ಬಂದಿದ್ದವು. ಕುಟುಂಬದ ವರಮಾನ ವರ್ಷಕ್ಕೆ ಎರಡೂವರೆ ಲಕ್ಷದೊಳಗಿರಬೇಕು, ನೀರಾವರಿ ಜಮೀನು ಐದು ಎಕರೆ ಅಥವಾ ಖುಷ್ಕಿ ಹತ್ತು ಎಕರೆ ಮೀರಬಾರದು, ಕರೆಂಟ್ ವರ್ಷಕ್ಕೆ 3,600 ಯೂನಿಟ್ ಮೀರಬಾರದು. ಷರತ್ತು ಇಟ್ಟದ್ದನ್ನು ನಾನು ತಪ್ಪೆನ್ನುವುದಿಲ್ಲ. ಉಳ್ಳವರಿಗೆ ಸಾವಿರ ಕೊಡುವ ಅಗತ್ಯವಿಲ್ಲ. ಮತ ಕೇಳುವಾಗ ಹೇಳದ ಷರತ್ತನ್ನು ಮತ ಬಂದ ಮೇಲೆ ಹೇಳಿದ್ದು ತಪ್ಪು.

ಒಡವೆ ಸಾಲದ ಕಥೆ ಇನ್ನೂ ಕಹಿ. ಸಹಕಾರಿ ಸಂಘಗಳಲ್ಲಿ ಐದು ಸವರನ್‌ವರೆಗಿನ ಚಿನ್ನವಿಟ್ಟು ತಂದ ಸಾಲ ಮನ್ನಾ ಎಂದು ಅದೇ ಪ್ರಣಾಳಿಕೆ ಹೇಳಿತ್ತು. ಪರಿಶೀಲನೆಗೆ ಬಂದ ಸಾಲಗಳು ಸುಮಾರು 48 ಲಕ್ಷ. ಸೋಸಿದ ಮೇಲೆ ಅರ್ಹವೆಂದು ಉಳಿದವು 13 ಲಕ್ಷ ಚಿಲ್ಲರೆ. ಒಬ್ಬರೇ ಹತ್ತಾರು ಕಡೆ ಸಾಲ ಎತ್ತಿದ ಅಕ್ರಮಗಳೂ ಸಿಕ್ಕವು, ಸರಿ. ಆದರೆ ಮನ್ನಾ ಆಗುತ್ತದೆಂದು ನಂಬಿ ಬಡ್ಡಿ ಕಟ್ಟದೆ ಕಾದ ಮನೆಗಳು ಆ 35 ಲಕ್ಷದೊಳಗೆ ಎಷ್ಟಿದ್ದವು? ನಂಬಿಕೆಗೂ ಬಡ್ಡಿ ಬೆಳೆಯುತ್ತದೆ, ಅದನ್ನು ಕಟ್ಟುವವರು ಬಡವರು.

ಇಷ್ಟು ಹೇಳಿದ ಮೇಲೂ ಈ ಕೊಡುಗೆಗಳನ್ನು ಭಿಕ್ಷೆ ಎಂದು ಜರೆಯುವವರ ಜೊತೆ ನಾನು ನಿಲ್ಲಲಾರೆ. 1982ರಲ್ಲಿ ಎಂ.ಜಿ.ಆರ್. ಮಕ್ಕಳ ಮಧ್ಯಾಹ್ನದ ಊಟವನ್ನು ದೊಡ್ಡದಾಗಿ ವಿಸ್ತರಿಸಿದಾಗ ದುಂದು ಎಂದವರು ಬಹಳ ಮಂದಿ. ಇಂದು ಅಂಥ ಊಟ ದೇಶದ ಉದ್ದಗಲದ ಸರ್ಕಾರಿ ಶಾಲೆಗಳಲ್ಲಿದೆ. ಹೊಟ್ಟೆ ತುಂಬಿದ ಮಗು ಶಾಲೆ ಬಿಡಲಿಲ್ಲ. ಆ ಖರ್ಚು ಮುಂದಿನ ತಲೆಮಾರಿನ ದುಡಿಮೆಯಾಗಿ ವಾಪಸಾಯಿತು. ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಪಾಲಕೋಡಿನಿಂದ ಧರ್ಮಪುರಿಗೆ ಕೆಲಸಕ್ಕೆ ಹೋಗಿಬರುವ ಹೆಣ್ಣುಮಗಳ ಕೈಯಲ್ಲಿ ತಿಂಗಳ ಕೊನೆಗೆ ಉಳಿಯುವ ದುಡ್ಡೂ ಅಂಥದ್ದೇ. ಚಿಂತೆ ಇರುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವ ಲೆಕ್ಕದಲ್ಲಿ. ಟಾಸ್ಮಾಕ್ ಅಂಗಡಿಯಲ್ಲಿ ಒಂದು ಕ್ವಾರ್ಟರ್ ಬಾಟಲಿಗೆ ನೂರಕ್ಕೂ ಹೆಚ್ಚು ರೂಪಾಯಿ. ಗಂಡ ತಿಂಗಳಿಗೆ ಹತ್ತು ಬಾಟಲಿ ಕುಡಿದರೆ ಹೆಂಡತಿಯ ಖಾತೆಗೆ ಬಂದ ಸಾವಿರ ಪೂರ್ತಿ ಅದೇ ಸರ್ಕಾರದ ಅಂಗಡಿಗೆ ವಾಪಸು. 1.06 ಕೋಟಿ ಹೆಂಗಸರಿಗೆ ವರ್ಷಕ್ಕೆ ಹನ್ನೆರಡು ಸಾವಿರದಂತೆ ಕೊಡಲು ಬೇಕಾಗುವುದು 12,720 ಕೋಟಿ. ಟಾಸ್ಮಾಕ್ 2023-24ರಲ್ಲಿ ತಂದದ್ದು ಅದರ ಸುಮಾರು ಮೂರೂವರೆ ಪಟ್ಟು. ಪಾನನಿಷೇಧವನ್ನೂ ಮಾಸಿಕ ಹಣವನ್ನೂ ಒಂದೇ ಉಸಿರಿನಲ್ಲಿ ಹೇಳುವ ಅಭ್ಯರ್ಥಿ ಬಂದರೆ, ಈ ಎರಡು ಅಂಕಿಗಳನ್ನು ಮುಂದಿಟ್ಟು ಉತ್ತರ ಕೇಳಬೇಕು. 2021ರ ಆಗಸ್ಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಳನಿವೇಲ್ ತ್ಯಾಗರಾಜನ್ ಹೊರತಂದ ಶ್ವೇತಪತ್ರದ ಪ್ರಕಾರ ತಮಿಳುನಾಡಿನ ಪ್ರತಿ ಕುಟುಂಬದ ತಲೆಯ ಮೇಲಿದ್ದ ಸರ್ಕಾರಿ ಸಾಲ 2.63 ಲಕ್ಷ ರೂಪಾಯಿ. ಕರ್ನಾಟಕದ ಓದುಗರು ಇದನ್ನು ಪಕ್ಕದ ಮನೆಯ ಮಾತೆಂದು ಓದಬೇಕಿಲ್ಲ. 2024-25ರ ಬಜೆಟ್‌ನಲ್ಲಿ ನಮ್ಮ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 52 ಸಾವಿರ ಕೋಟಿ. ಮರುವರ್ಷ ಅಬಕಾರಿಗೆ ಇಟ್ಟುಕೊಂಡ ಗುರಿ 40 ಸಾವಿರ ಕೋಟಿ.

ದುಡ್ಡಿನ ಲೆಕ್ಕಕ್ಕೆ ಸಿಗದ ಭರವಸೆಗಳೂ ಇವೆ. ಅಂಥವನ್ನು ತೂಗಲು ಕೇಳಬೇಕಾದ್ದು, ಇದನ್ನು ಮಾಡುವ ಅಧಿಕಾರ ಇವರ ಕೈಯಲ್ಲಿದೆಯೇ ಎಂದು. 2021ರ ಫೆಬ್ರುವರಿ 26ರ ಮಧ್ಯಾಹ್ನ ತಮಿಳುನಾಡು ವಿಧಾನಸಭೆ ಅತಿ ಹಿಂದುಳಿದವರ ಶೇಕಡಾ 20 ಮೀಸಲಿನೊಳಗೆ ವನ್ನಿಯರ್ ಸಮುದಾಯಕ್ಕೆ ಶೇಕಡಾ 10.5 ಒಳಮೀಸಲು ಕೊಡುವ ಮಸೂದೆ ಪಾಸು ಮಾಡಿತು. ಅದೇ ದಿನ ಸಂಜೆ ಚುನಾವಣಾ ಆಯೋಗ ದಿನಾಂಕ ಘೋಷಿಸಿತು. 1987ರಲ್ಲಿ ವನ್ನಿಯರು ನಡೆಸಿದ ರಸ್ತೆ ತಡೆಯಿಂದ ಬಂದ ಬೇಡಿಕೆ ಅದು. ಸೇಲಂ, ಧರ್ಮಪುರಿಯ ಹಳ್ಳಿಗಳಲ್ಲಿ ಆ ಸಮುದಾಯದ ಬಡತನವೂ ನಿಜ. ಏಪ್ರಿಲ್ 6ರಂದು ಮತದಾನ. ರಾಜ್ಯದಲ್ಲಿ ಡಿಎಂಕೆ ಗೆದ್ದರೂ ಧರ್ಮಪುರಿಯ ಐದಕ್ಕೆ ಐದು, ಸೇಲಂನ ಹನ್ನೊಂದರಲ್ಲಿ ಹತ್ತು ಸ್ಥಾನ ಅಣ್ಣಾಡಿಎಂಕೆ-ಪಿಎಂಕೆ ಕೂಟಕ್ಕೆ ಹೋದವು. ನವೆಂಬರ್ 1ರಂದು ಹೈಕೋರ್ಟಿನ ಮದುರೈ ಪೀಠ ಕಾನೂನನ್ನು ರದ್ದು ಮಾಡಿತು. 2022ರ ಮಾರ್ಚ್ 31ರಂದು ಸುಪ್ರೀಂ ಕೋರ್ಟೂ ಆ ತೀರ್ಪನ್ನು ಎತ್ತಿಹಿಡಿಯಿತು: ಒಂದು ಸಮುದಾಯವನ್ನು ಬೇರೆಯಾಗಿ ತೆಗೆಯಲು ಇಂದಿನ ಅಂಕಿಅಂಶ ಬೇಕು, ಅದು ಇಲ್ಲಿಲ್ಲ. ನ್ಯಾಯವಾದ ಬೇಡಿಕೆಯೊಂದು ಅವಸರದಿಂದ ಕೆಟ್ಟಿತು. ಸಮೀಕ್ಷೆ ಮಾಡಿಸಲು ಐದು ವರ್ಷವಿತ್ತು, ಮಸೂದೆಗೆ ಸಿಕ್ಕಿದ್ದು ಒಂದು ಮಧ್ಯಾಹ್ನ.

ಎಂಟು ಪಥದ ಹೆದ್ದಾರಿಯ ವಿಷಯದಲ್ಲಿ ಅಧಿಕಾರದ ಪ್ರಶ್ನೆ ಬೇರೆ ರೂಪದಲ್ಲಿ ಬಂತು. 2018ರಲ್ಲಿ ಬಂದ 277 ಕಿಲೋಮೀಟರಿನ ಚೆನ್ನೈ-ಸೇಲಂ ಹಸಿರು ಹೆದ್ದಾರಿ ಯೋಜನೆ ಧರ್ಮಪುರಿಯ ಹರೂರು, ಪಾಪ್ಪಿರೆಡ್ಡಿಪಟ್ಟಿ ಕಡೆಯ ತೋಟಗಳ ಮೇಲೆ ಹಾದುಹೋಗುತ್ತಿತ್ತು. ಅನ್ಬುಮಣಿ ಅದರ ವಿರುದ್ಧ ಕೋರ್ಟಿಗೆ ಹೋದರು. ಮರುವರ್ಷ ಲೋಕಸಭಾ ಚುನಾವಣೆಗೆ ಅವರ ಪಕ್ಷ ಆ ಯೋಜನೆ ತಂದ ಪಕ್ಷಗಳ ಕೂಟ ಸೇರಿತು. ಪ್ರಚಾರಕ್ಕೆ ಸೇಲಂಗೆ ಬಂದ ಕೇಂದ್ರ ಸಚಿವ ನಿತಿನ್ ಗಡ್ಕರಿ ಯೋಜನೆ ಮಾಡಿಯೇ ಮಾಡುತ್ತೇವೆ ಎಂದರು. ಅನ್ಬುಮಣಿ ಧರ್ಮಪುರಿಯಲ್ಲಿ ಸೋತರು. ಅದೇ ದಿನ ಅದೇ ಜನ ಹರೂರು, ಪಾಪ್ಪಿರೆಡ್ಡಿಪಟ್ಟಿ ವಿಧಾನಸಭಾ ಉಪಚುನಾವಣೆಗಳಲ್ಲಿ ಅಣ್ಣಾಡಿಎಂಕೆಯನ್ನು ಗೆಲ್ಲಿಸಿದರು. ಮತದಾರರಿಗೆ ಏನೂ ತಿಳಿಯುವುದಿಲ್ಲ ಎನ್ನುವವರು ಈ ಫಲಿತಾಂಶವನ್ನು ಒಮ್ಮೆ ನೋಡಲಿ: ಒಂದೇ ಬೂತಿನಲ್ಲಿ ನಿಂತು ಎರಡು ಯಂತ್ರಗಳಲ್ಲಿ ಎರಡು ಬೇರೆ ತೀರ್ಪು ಕೊಟ್ಟ ಜನ ಇವರು.

ಇನ್ನು ಹೊಗೆನಕಲ್ಲಿನ ಮಾತನ್ನು ಕನ್ನಡಿಗನಾಗಿ ನಾನು ಆಡಲೇಬೇಕು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವಯಸ್ಸಾದವರ ಮೂಳೆ ಸೆಟೆದುಕೊಳ್ಳುತ್ತದೆ. ಹೊಗೆನಕಲ್ಲಿನಲ್ಲಿ ಕಾವೇರಿಯ ನೀರೆತ್ತಿ ಶುದ್ಧ ಮಾಡಿ ಕೊಡುವ ಯೋಜನೆಗೆ 1998ರಲ್ಲೇ ಕೇಂದ್ರದ ಒಪ್ಪಿಗೆ ಸಿಕ್ಕಿತ್ತು. ಪ್ರತಿ ಚುನಾವಣೆಯಲ್ಲೂ ಎಲ್ಲರೂ ಆ ನೀರಿನ ಮಾತಾಡಿದರು. ಕೊನೆಗೆ 2008ರ ಫೆಬ್ರುವರಿಯಲ್ಲಿ ಕರುಣಾನಿಧಿ ಶಂಕುಸ್ಥಾಪನೆ ಮಾಡಿದರು. ಕರ್ನಾಟಕದಲ್ಲಿ ಆಗ ರಾಷ್ಟ್ರಪತಿ ಆಳ್ವಿಕೆ, ಮೇ ತಿಂಗಳಲ್ಲಿ ಚುನಾವಣೆ. ನಮ್ಮ ನಾಯಕರು ಹೊಗೆನಕಲ್ಲಿಗೇ ಹೋಗಿ ಪ್ರತಿಭಟಿಸಿದರು, ಎರಡೂ ಕಡೆ ಚಿತ್ರರಂಗದವರು ಬೀದಿಗಿಳಿದರು. ಏಪ್ರಿಲ್ 5ರಂದು ಕರುಣಾನಿಧಿ, ಕರ್ನಾಟಕದಲ್ಲಿ ಚುನಾಯಿತ ಸರ್ಕಾರ ಬರುವವರೆಗೆ ಕೆಲಸ ನಿಲ್ಲಲಿ ಎಂದರು. ಯೋಜನೆ ಮುಗಿದು ನೀರು ಹರಿದದ್ದು 2013ರ ಮೇ 29ರಂದು, ಜಯಲಲಿತಾ ಕಾಲದಲ್ಲಿ, 1,928 ಕೋಟಿ ರೂಪಾಯಿ ಖರ್ಚಿನಲ್ಲಿ. ಗಡಿಯ ಗುರುತಿನ ಬಗ್ಗೆ ತಕರಾರು ಎತ್ತಲು ನಮಗೆ ಹಕ್ಕಿತ್ತು. ಆದರೆ ಕುಡಿಯುವ ನೀರನ್ನು ಮತದ ಸರಕು ಮಾಡಿದ್ದು ನಮ್ಮ ಕಡೆಯ ತಪ್ಪು. ಪೆನ್ನಾಗರಂನ ಕನ್ನಡದ ಮಕ್ಕಳೂ ಆ ಫ್ಲೋರೈಡ್ ನೀರನ್ನೇ ಕುಡಿಯುತ್ತಿದ್ದರು. ಒಬ್ಬ ಅಭ್ಯರ್ಥಿಯ ಭರವಸೆ ತನ್ನ ಮತದಾರರಲ್ಲದವರ ಮೇಲೆ ಏನು ಮಾಡುತ್ತದೆ ಎನ್ನುವುದೂ ತೂಕಕ್ಕೆ ಸೇರಬೇಕು.

ಚುನಾವಣೆ ಬಂದಾಗಷ್ಟೇ ನೆನಪಾಗುವ ಭರವಸೆಗೆ ಉದಾಹರಣೆಯಾದ ಮೊರಪ್ಪೂರು-ಧರ್ಮಪುರಿ ರೈಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1906ರಲ್ಲಿ ಬಂದ ಆ ಸಣ್ಣ ಹಳಿಯನ್ನು 1941ರಲ್ಲಿ ಯುದ್ಧಕ್ಕಾಗಿ ಕಿತ್ತರು. ಮತ್ತೆ ಹಾಕುವ 36 ಕಿಲೋಮೀಟರಿಗೆ ಶಂಕುಸ್ಥಾಪನೆಯಾದದ್ದು 2019ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ.

ಕಾನೂನು ನಮ್ಮ ನೆರವಿಗೆ ಎಷ್ಟು ಬರುತ್ತದೆ? 2006ರಲ್ಲಿ ಡಿಎಂಕೆ ಬಣ್ಣದ ಟಿವಿ, 2011ರಲ್ಲಿ ಅಣ್ಣಾಡಿಎಂಕೆ ಮಿಕ್ಸಿ, ಗ್ರೈಂಡರ್, ಫ್ಯಾನ್ ಎಂದಾಗ ಸುಬ್ರಮಣಿಯಂ ಬಾಲಾಜಿ ಎಂಬವರ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಜುಲೈ 5ರ ತೀರ್ಪು, ಪ್ರಣಾಳಿಕೆಯ ಭರವಸೆ ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ನಡತೆಯಾಗುವುದಿಲ್ಲ ಎಂದಿತು. ಜೊತೆಗೆ ಪ್ರಣಾಳಿಕೆಗೆ ನಿಯಮ ರೂಪಿಸಿ ಎಂದು ಚುನಾವಣಾ ಆಯೋಗಕ್ಕೆ ಹೇಳಿತು. ಅದರಂತೆ 2014ರಲ್ಲಿ ಮಾದರಿ ನೀತಿ ಸಂಹಿತೆಗೆ ಹೊಸ ಭಾಗ ಸೇರಿತು: ಭರವಸೆ ಏಕೆ, ಅದಕ್ಕೆ ಹಣ ಎಲ್ಲಿಂದ ಎಂದು ಪಕ್ಷಗಳು ಸ್ಥೂಲವಾಗಿಯಾದರೂ ತಿಳಿಸಬೇಕು. 2016ರಲ್ಲಿ ಇದನ್ನು ಸರಿಯಾಗಿ ಪಾಲಿಸದ ಅಣ್ಣಾಡಿಎಂಕೆ, ಡಿಎಂಕೆ ಎರಡನ್ನೂ ಆಯೋಗ ಆಕ್ಷೇಪಿಸಿತು. ಚುನಾವಣೆ ಮುಗಿದು ತಿಂಗಳುಗಳು ಕಳೆದ ಮೇಲೆ ಬಂದ ಆ ಆಕ್ಷೇಪದಿಂದ ಯಾರಿಗೂ ಏನೂ ಆಗಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ತೀರ್ಪನ್ನೇ ಮರುಪರಿಶೀಲಿಸಲು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಆಯೋಗವೂ ಅದೇ ವರ್ಷ ಅಕ್ಟೋಬರ್‌ನಲ್ಲಿ ಖರ್ಚಿನ ಲೆಕ್ಕ ತುಂಬುವ ಒಂದು ನಮೂನೆಯನ್ನು ಪಕ್ಷಗಳಿಗೆ ಕಳಿಸಿ ಅಭಿಪ್ರಾಯ ಕೇಳಿತು. ನನ್ನ ಮಟ್ಟಿಗೆ, ಯಾವ ಭರವಸೆ ಕೊಡಬೇಕು ಎಂದು ನ್ಯಾಯಾಲಯ ಹೇಳುವುದು ಬೇಡ. ಹಾಗೆ ಹೇಳಿದ್ದರೆ ಮಧ್ಯಾಹ್ನದ ಊಟವೂ ನಿಂತುಹೋಗುತ್ತಿತ್ತೇನೋ. ಆದರೆ ಖರ್ಚಿನ ನಮೂನೆ ಕಡ್ಡಾಯವಾಗಲೇಬೇಕು, ಮತದಾನಕ್ಕೆ ಮೊದಲೇ ಅದು ಎಲ್ಲರ ಕೈಗೆ ಸಿಗಬೇಕು.

ಅದು ಬರುವವರೆಗೆ ಕೆಲಸ ನಮ್ಮದೇ. ಧರ್ಮಪುರಿಯಲ್ಲಿರಲಿ, ಸೇಲಂನಲ್ಲಿರಲಿ, ಕರ್ನಾಟಕದ ಯಾವುದೇ ಊರಿನಲ್ಲಿರಲಿ, ಮುಂದಿನ ಚುನಾವಣೆಯಲ್ಲಿ ಅಭ್ಯರ್ಥಿ ನಿಮ್ಮ ಬೀದಿಗೆ ಬಂದಾಗ ಅವರ ಪ್ರಣಾಳಿಕೆಯನ್ನು ಕೇಳಿ ತೆಗೆದುಕೊಳ್ಳಿ. ಈ ಹಣಕ್ಕೆ ಯಾವ ತೆರಿಗೆ ಎಂದು ಕೇಳಿ. ಯಾರಿಗೆಲ್ಲ ಸಿಗುವುದಿಲ್ಲ ಎಂದೂ ಈಗಲೇ ಕೇಳಿ. ಇದನ್ನು ಮಾಡಲು ದೆಹಲಿಯ ಒಪ್ಪಿಗೆ, ಕೋರ್ಟಿನ ಒಪ್ಪಿಗೆ, ಪಕ್ಕದ ರಾಜ್ಯದ ಒಪ್ಪಿಗೆ ಬೇಕೇ ಎಂದು ಕೇಳಿ. ಸಿಕ್ಕ ಉತ್ತರವನ್ನು ದಿನಾಂಕ ಹಾಕಿ ಅದೇ ಕಾಗದದ ಮೇಲೆ ಬರೆದು, ರೇಷನ್ ಕಾರ್ಡಿನ ಜೊತೆ ಎತ್ತಿಡಿ. ಐದು ವರ್ಷ ಕಳೆದು ಅವರೇ ಮತ್ತೆ ಬಂದಾಗ, ಮಾತು ಶುರುವಾಗುವ ಮೊದಲೇ ಅದನ್ನು ಅವರ ಕೈಗೆ ಕೊಟ್ಟು ಓದಿಸಿ.